ಮಾತೋ? ಚಿಹ್ನೆಯೋ?

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ವಿಷಯವಾಗಿ ಲೇಖನ ಬರೆಯಲು ಹೊರಟನೆಂದರೆ ಓದುಗರು ಹುಬ್ಬೇರಿಸುವುದು ಸಹಜವೇ ಸರಿ. "ನಿನ್ನ ಹಳಗನ್ನಡವನ್ನು ನೀನು ನೋಡಿಕೋ, ಯಂತ್ರದ ಗೊಡವೆ ನಿನಗೇಕೆ?" ಎಂದು ನನ್ನ ಗೆಳೆಯರೇ ಕೇಳಿದ್ದಾರೆ. ಅವರಿಗೆ ಉತ್ತರವಾಗಿಯೇ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ಯಂತ್ರಶಾಸ್ತ್ರವನ್ನು ನಾನು ಕ್ರಮವಾಗಿ ಕಲಿತವನಲ್ಲ. ಆದರೆ ನಾನು ಎತ್ತಿಕೊಂಡಿರುವ ಪ್ರಶ್ನೆ ಭಾಷೆಗೆ ಸಂಬಂಧಿಸಿದ್ದು. ಭಾಷೆಯನ್ನು ಓದುತ್ತಿರುವವರು ಅದರ ಬಗ್ಗೆ ಒಂದು ಅಭಿಪ್ರಾಯವನ್ನು ಹೇಳಿದರೆ ಅಧಿಕಪ್ರಸಂಗವಾಗಲಾರದೆಂದು ನಂಬಿದ್ದೇನೆ.

ಪ್ರಶ್ನೆ ಇಷ್ಟೇ. ಗಣಕಯಂತ್ರಕ್ಕೆ ನಾವು ಕೊಡುವ ಆಜ್ಞೆಗಳ ಸರಣಿಯನ್ನು ಪ್ರೋಗ್ರಾಮು ಎನ್ನುತ್ತಾರೆ. ಅದರಲ್ಲಿ ಹೆಜ್ಜೆ ಹೆಜ್ಜೆಗೂ ಷರತ್ತುಗಳು ಬರುತ್ತವೆ. ಹಲವು ಷರತ್ತುಗಳನ್ನು ಒಂದಕ್ಕೊಂದು ಜೋಡಿಸಬೇಕಾದರೆ 'ಮತ್ತು', 'ಅಥವಾ', 'ಅಲ್ಲ' ಎಂಬ ಮೂರು ಕೀಲುಗಳು ಬೇಕು. ಪೈಥಾನ್ ಎಂಬ ಭಾಷೆಯಲ್ಲಿ ಇವುಗಳನ್ನು ಆ್ಯಂಡ್, ಆರ್, ನಾಟ್ ಎಂಬ ಇಂಗ್ಲಿಷ್ ಮಾತುಗಳಿಂದಲೇ ಬರೆಯುತ್ತಾರೆ. ಸಿ, ಜಾವಾ, ಜಾವಾಸ್ಕ್ರಿಪ್ಟ್ ಮೊದಲಾದ ಭಾಷೆಗಳಲ್ಲಿ ಅದೇ ಕೆಲಸಕ್ಕೆ &&, ||, ! ಎಂಬ ಚಿಹ್ನೆಗಳಿವೆ. ಸಿ ಪ್ಲಸ್ ಪ್ಲಸ್ ಎಂಬ ಭಾಷೆ ಎರಡನ್ನೂ ಒಪ್ಪುತ್ತದೆ. ಹಾಗಾದರೆ ಮಾತಿನಿಂದ ಬರೆಯುವುದು ಮೇಲೋ, ಚಿಹ್ನೆಯಿಂದ ಬರೆಯುವುದು ಮೇಲೋ? ಬಲ್ಲವರು ಈ ವಿಷಯದಲ್ಲಿ ಎರಡು ಪಕ್ಷಗಳಾಗಿ ಬಹುಕಾಲದಿಂದ ವಾದಿಸುತ್ತಿದ್ದಾರೆ. ಇದು ಕೆಲಸವಿಲ್ಲದವರ ಜಗಳವೆಂದೇ ನಾನೂ ಭಾವಿಸಿದ್ದೆ. ಹೋದ ವರ್ಷ ನಡೆದ ಒಂದು ಪ್ರಸಂಗದಿಂದ ನನ್ನ ಅಭಿಪ್ರಾಯ ಬದಲಾಯಿತು.

ನಮ್ಮ ಕಡೆಯ ಕೆಲವು ಹಿರಿಯರು ತಮ್ಮೊಳಗೇ ಹಣ ಕೂಡಿಸಿ, ಹತ್ತು ಮಂದಿ ವಿದ್ಯಾರ್ಥಿಗಳಿಗೆ ಪರೀಕ್ಷಾ ಶುಲ್ಕವನ್ನೂ ಪುಸ್ತಕದ ಖರ್ಚನ್ನೂ ಕೊಡುವುದಾಗಿ ಮುಂದೆ ಬಂದರು. "ವಿದ್ಯಾರ್ಥಿವೇತನ ಅಥವಾ ವಸತಿನಿಲಯದ ಸೌಲಭ್ಯ ಇಲ್ಲದವರು ಅರ್ಜಿ ಸಲ್ಲಿಸಬಹುದು, ಅವರಲ್ಲಿ ಅಂಕಗಳ ಕ್ರಮದಂತೆ ಮೊದಲ ಹತ್ತು ಮಂದಿಯನ್ನು ಆರಿಸಲಾಗುವುದು" ಎಂದು ಪ್ರಕಟಣೆ ಹೊರಟಿತು. ಅರ್ಜಿಗಳು ನೂರಕ್ಕೂ ಹೆಚ್ಚು ಬಂದವು. ಪಟ್ಟಿ ಮಾಡುವ ಕೆಲಸವನ್ನು ನಾವು ಕೆಲವು ವಿದ್ಯಾರ್ಥಿಗಳು ಉತ್ಸಾಹದಿಂದ ವಹಿಸಿಕೊಂಡೆವು. ತೆಲಿಗಿಯಿಂದ ದಾವಣಗೆರೆಗೆ ಹೋಗಿ ಬಿ.ಸಿ.ಎ. ಓದುತ್ತಿದ್ದ ನನ್ನ ಸೋದರಮಾವನ ಮಗನು, "ಇಷ್ಟಕ್ಕೆಲ್ಲ ಕೈಯಿಂದ ಬರೆಯುತ್ತಾ ಕೂರುತ್ತೀರಾ? ಒಂದು ಸಣ್ಣ ಪ್ರೋಗ್ರಾಮು ಬರೆದರೆ ಕ್ಷಣದಲ್ಲಿ ಆಗುತ್ತದೆ" ಎಂದು ಹೇಳಿ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದುಕೊಟ್ಟನು. ಅದರ ಮುಖ್ಯ ಷರತ್ತು ಹೀಗಿತ್ತು. ಹೆಸರುಗಳನ್ನು ಅವನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದನು. ಓದುಗರ ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಡುತ್ತೇನೆ:

!ವೇತನ || ವಸತಿ

ನಾವು ನಾಲ್ಕಾರು ಮಂದಿ ಅವನ ಹಿಂದೆ ನಿಂತು ಇದನ್ನು ನೋಡಿದೆವು. ಉದ್ಗಾರ ಚಿಹ್ನೆಯೊಂದು, ಎರಡು ನೆಟ್ಟಗಿನ ಗೆರೆಗಳು, ಇಷ್ಟೇ ಕಂಡದ್ದು. ಸರಿಯಿದೆಯೇ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸಿದೆವು. ಅರ್ಥವಾಗದ್ದನ್ನು ಅರ್ಥವಾಗಲಿಲ್ಲವೆಂದು ಹೇಳಲು ನಾಚಿಕೆ. ಪಟ್ಟಿ ಸಿದ್ಧವಾಯಿತು, ಫಲಕದ ಮೇಲೆ ಏರಿತು.

ಮೂರನೆಯ ದಿನ, ಪಟ್ಟಿಯಲ್ಲಿದ್ದ ಹುಡುಗನೊಬ್ಬನು ತಾನಾಗಿಯೇ ಬಂದು, "ಅಣ್ಣಾ, ನಾನು ವಸತಿನಿಲಯದಲ್ಲಿದ್ದೇನೆ, ವೇತನವೂ ಬರುತ್ತದೆ. ನನ್ನ ಹೆಸರು ಹೇಗೆ ಬಂತು?" ಎಂದು ಕೇಳಿದನು. ಅವನ ಪ್ರಾಮಾಣಿಕತೆಗೆ ನಾವು ಇಂದಿಗೂ ಋಣಿಗಳು. ತೆಗೆದು ನೋಡಿದರೆ ಹತ್ತು ಹೆಸರುಗಳಲ್ಲಿ ನಾಲ್ಕು ವಸತಿನಿಲಯದವರವು. ಅವರಿಂದಾಗಿ ನಾಲ್ವರು ನಿಜವಾದ ಅರ್ಹರು ಪಟ್ಟಿಯ ಹೊರಗುಳಿದಿದ್ದರು. ಅವರಲ್ಲಿ ಒಬ್ಬ ಹುಡುಗಿಯು ಫಲಕದಲ್ಲಿ ತನ್ನ ಹೆಸರು ಕಾಣದೆ, ಪರೀಕ್ಷೆಯ ಹಣ ಹೊಂದಿಸಲೆಂದು ಪಾಠಗಳನ್ನು ಬಿಟ್ಟು ಮೆಕ್ಕೆಜೋಳದ ತೆನೆ ಮುರಿಯುವ ಕೂಲಿಗೆ ಹೋಗಿದ್ದಳು.

ತಪ್ಪು ಎಲ್ಲಿದೆಯೆಂದು ಹುಡುಕುವಾಗ ನನ್ನ ಮಾವನ ಮಗನು ಒಂದು ಕೆಲಸ ಮಾಡಿದನು. ಚಿಹ್ನೆಗಳನ್ನು ತೆಗೆದು ಅವುಗಳ ಜಾಗದಲ್ಲಿ ಮಾತುಗಳನ್ನು ಹಾಕಿದನು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಇವೆರಡಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲವಾದ್ದರಿಂದ ಯಂತ್ರವು ಮತ್ತೆ ಅದೇ ಪಟ್ಟಿಯನ್ನೇ ಕೊಟ್ಟಿತು. ಆದರೆ ಈಗ ಪರದೆಯ ಮೇಲಿದ್ದುದು ಇದು:

ನಾಟ್ ವೇತನ ಆರ್ ವಸತಿ

ಆ ಹೊತ್ತಿಗೆ ಅಲ್ಲಿಗೆ ಬಂದ ನಮ್ಮ ಕನ್ನಡ ಅಧ್ಯಾಪಕರು ಕನ್ನಡಕ ಸರಿಮಾಡಿಕೊಂಡು ಇದನ್ನು ಗಟ್ಟಿಯಾಗಿ ಓದಿದರು. ಪ್ರೋಗ್ರಾಮು ಎಂಬುದನ್ನು ಅವರು ಜೀವಮಾನದಲ್ಲಿ ಬರೆದವರಲ್ಲ. ಎರಡನೆಯ ಸಲ ಓದಿ ಬೆರಳಿಟ್ಟು ಕೇಳಿದರು: "ತಮ್ಮಾ, ಈ ನಾಟು ಎಲ್ಲಿತನಕ ಹೋಗುತ್ತದೆ? ವೇತನದ ಹತ್ತಿರವೇ ನಿಲ್ಲುತ್ತದೆಯೋ, ವಸತಿಯನ್ನೂ ಮುಟ್ಟುತ್ತದೆಯೋ?"

ನನ್ನ ಮಾವನ ಮಗನ ಮುಖ ಬಣ್ಣಗೆಟ್ಟಿತು. ಯಂತ್ರದ ನಿಯಮದಂತೆ ಅದು ವೇತನದ ಹತ್ತಿರವೇ ನಿಲ್ಲುತ್ತದೆ. ಆದಕಾರಣ ಯಂತ್ರವು ಓದಿಕೊಂಡದ್ದು "ವೇತನ ಇಲ್ಲದವರು, ಅಥವಾ ವಸತಿ ಇರುವವರು" ಎಂದು! ಒಂದು ಜೊತೆ ಆವರಣಗಳನ್ನು ಹಾಕಿ 'ನಾಟ್ (ವೇತನ ಆರ್ ವಸತಿ)' ಎಂದು ತಿದ್ದಿದೊಡನೆ ಪಟ್ಟಿ ಸರಿಹೋಯಿತು. ಸಂಜೆಯೇ ಆ ಹುಡುಗಿಯ ಮನೆಗೆ ಹೇಳಿ ಕಳುಹಿಸಿದೆವು.

ಈ ಘಟನೆಯಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ ಸಂಗತಿ ಯಾವುದೆಂದರೆ, ತಪ್ಪು ಎರಡು ರೂಪಗಳಲ್ಲಿಯೂ ಇತ್ತು. ಮಾತಿನ ರೂಪದಲ್ಲಿ ಮಾತ್ರ ಅದು ಕಣ್ಣಿಗೆ ಬಿತ್ತು. ಅದು ಬಿದ್ದದ್ದು ಬರೆದವನ ಕಣ್ಣಿಗಲ್ಲ, ಬರೆಯಲು ಬಾರದವರೊಬ್ಬರ ಕಣ್ಣಿಗೆ. ನನ್ನ ವಾದದ ಬೇರು ಇಲ್ಲಿದೆ.

ಹಾಗೆಂದ ಮಾತ್ರಕ್ಕೆ ಚಿಹ್ನೆಯ ಪಕ್ಷವನ್ನು ತಳ್ಳಿಹಾಕುವಂತಿಲ್ಲ. ಅದರ ಪರವಾಗಿ ಬಹಳ ಹೇಳಬಹುದು. ಗಣಿತದ ಏಳಿಗೆಯ ಚರಿತ್ರೆಯೇ ಬಹುಮಟ್ಟಿಗೆ ಚಿಹ್ನೆಗಳ ಚರಿತ್ರೆ. 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬಾತನು, 'ಇದಕ್ಕೆ ಸಮ' ಎಂದು ಮತ್ತೆ ಮತ್ತೆ ಬರೆಯುವ ಬೇಸರವನ್ನು ಕಳೆಯಲೆಂದು ಎರಡು ಸಮಾಂತರ ಗೆರೆಗಳನ್ನು ಬಳಕೆಗೆ ತಂದನು. ಇಂದು ಅವುಗಳಿಲ್ಲದೆ ಒಂದನೆಯ ತರಗತಿಯ ಲೆಕ್ಕವೂ ನಡೆಯದು. ನಮ್ಮ ನಾಡಿನಲ್ಲಿ 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದನು. ಬಾಯಿಪಾಠಕ್ಕೆ ಪದ್ಯದಂಥದು ಬೇರೊಂದಿಲ್ಲ. ಆದರೆ ಉದ್ದವಾದ ಲೆಕ್ಕವನ್ನು ಹಂತ ಹಂತವಾಗಿ ಮಾಡಲು ಕೂತವನಿಗೆ ಪದ್ಯಕ್ಕಿಂತ ಅಂಕಿಯೂ ಗುರುತೂ ಹತ್ತಿರವಾಗುತ್ತವೆ.

ಮತ್ತೊಂದು ಮಾತು. ಚಿಹ್ನೆ ಎಂಬುದು ಮಾತಿನ ಶತ್ರುವೇನೂ ಅಲ್ಲ; ಅನೇಕ ಸಲ ಅದು ಸವೆದ ಮಾತೇ ಆಗಿರುತ್ತದೆ. ಅಂಗಡಿಗಳ ಫಲಕದಲ್ಲಿ 'ಅಂಡ್ ಸನ್ಸ್' ಎಂದು ಬರೆಯುವಾಗ ಬಳಸುವ & ಎಂಬ ಗುರುತು, ಲ್ಯಾಟಿನ್ ಭಾಷೆಯಲ್ಲಿ 'ಮತ್ತು' ಎಂಬರ್ಥದ 'ಎತ್' ಎಂಬ ಪದದ ಎರಡು ಅಕ್ಷರಗಳು ಬರೆಯುತ್ತಾ ಬರೆಯುತ್ತಾ ಕೂಡಿಕೊಂಡು ಆದದ್ದು. ತರ್ಕಶಾಸ್ತ್ರದಲ್ಲಿ 'ಅಥವಾ' ಎಂಬುದಕ್ಕೆ ಬಳಸುವ ∨ ಎಂಬ ಗುರುತು, ಅದೇ ಲ್ಯಾಟಿನ್ನಿನ 'ವೆಲ್' ಎಂಬ ಪದದ ಮೊದಲ ಅಕ್ಷರ. ನಮ್ಮ ಭಾಸ್ಕರಾಚಾರ್ಯನೂ 12ನೆಯ ಶತಮಾನದಲ್ಲಿ ತನ್ನ ಬೀಜಗಣಿತದಲ್ಲಿ ಅಜ್ಞಾತ ರಾಶಿಗಳಿಗೆ 'ಯಾವತ್ತಾವತ್' ಎಂಬುದರ 'ಯಾ', 'ಕಾಲಕ' ಎಂಬುದರ 'ಕಾ', 'ನೀಲಕ' ಎಂಬುದರ 'ನೀ' ಎಂದು ಮೊದಲಕ್ಷರಗಳನ್ನೇ ಬಳಸಿದನು. ಬಕ್ಷಾಲಿ ಎಂಬಲ್ಲಿ ದೊರೆತ ಪ್ರಾಚೀನ ಗಣಿತದ ಹಸ್ತಪ್ರತಿಯಲ್ಲಿ ಋಣ ಸಂಖ್ಯೆಯನ್ನು ತೋರಿಸಲು ಬರೆದಿರುವ ಗುರುತು, ಇಂದು ನಾವು ಕೂಡುವುದಕ್ಕೆ ಬಳಸುವ + ಗುರುತಿನಂತೆಯೇ ಇದೆ! ಗುರುತಿಗೆ ಅರ್ಥ ಹುಟ್ಟಿನಿಂದ ಬರುವುದಿಲ್ಲ, ಒಪ್ಪಂದದಿಂದ ಬರುತ್ತದೆ.

ಚಿಹ್ನೆಯ ಪಕ್ಷದವರ ಅತ್ಯಂತ ಬಲವಾದ ವಾದ ಇನ್ನೂ ಬೇರೆಯದು. ಮಾತಿಗೆ ಸಂಸಾರದ ಅಭ್ಯಾಸಗಳಿರುತ್ತವೆ, ಚಿಹ್ನೆಗೆ ಅವಿಲ್ಲ ಎನ್ನುತ್ತಾರೆ ಅವರು. ಇದು ನಿಜ. "ಮೊದಲನೆಯ ವರ್ಷದ ಮತ್ತು ಎರಡನೆಯ ವರ್ಷದ ವಿದ್ಯಾರ್ಥಿಗಳ ಪಟ್ಟಿ ಕೊಡಿ" ಎಂದು ಕಚೇರಿಯಲ್ಲಿ ಕೇಳುತ್ತಾರೆ. ಈ 'ಮತ್ತು' ಎಂಬುದನ್ನು ಹಾಗೆಯೇ ಯಂತ್ರಕ್ಕೆ ಹೇಳಿದರೆ ಒಂದು ಹೆಸರೂ ಬರುವುದಿಲ್ಲ. ಏಕೆಂದರೆ ಒಬ್ಬನೇ ವಿದ್ಯಾರ್ಥಿ ಮೊದಲ ವರ್ಷದಲ್ಲಿಯೂ ಎರಡನೆಯ ವರ್ಷದಲ್ಲಿಯೂ ಇರಲಾರ. ಅಲ್ಲಿ ಬೇಕಾದದ್ದು 'ಅಥವಾ'. ಹಾಗೆಯೇ "ಕನ್ನಡ ಅಥವಾ ಹಿಂದಿ ಆರಿಸಿಕೊಳ್ಳಿ" ಎಂದರೆ ಒಂದನ್ನು ಮಾತ್ರ ಎಂದು ನಾವು ತಿಳಿಯುತ್ತೇವೆ. ಯಂತ್ರದ 'ಅಥವಾ' ಎರಡೂ ಇದ್ದರೂ ಒಪ್ಪುತ್ತದೆ. "ಎಲ್ಲರೂ ಪಾಸಾಗಲಿಲ್ಲ" ಎಂಬ ಮಾತಿನಲ್ಲಿ ಒಬ್ಬನೂ ಪಾಸಾಗಲಿಲ್ಲವೋ, ಕೆಲವರು ಮಾತ್ರ ಪಾಸಾದರೋ ಎಂಬುದು ಹೇಳುವವರ ಧ್ವನಿಯಿಂದ ತಿಳಿಯಬೇಕು. ಯಂತ್ರಕ್ಕೆ ಧ್ವನಿ ಕೇಳಿಸದು. ಆದ್ದರಿಂದ ಸಂಸಾರದ ಮಾತನ್ನು ಬಿಟ್ಟು ಸನ್ಯಾಸಿಯಂಥ ಚಿಹ್ನೆಯನ್ನು ಹಿಡಿಯುವುದು ಕ್ಷೇಮವೆಂದು ಅವರ ಮತ.

ಇದಕ್ಕೆ ಕನ್ನಡಿಗರಾದ ನಾವು ಇನ್ನೊಂದನ್ನು ಸೇರಿಸಬೇಕು. ಪೈಥಾನಿನ 'ಆ್ಯಂಡ್' ಎಂಬುದು ಇಂಗ್ಲಿಷರಿಗೆ ಮಾತು. ಹಳ್ಳಿಯಿಂದ ಬಂದ ನಮ್ಮ ಹುಡುಗನಿಗೆ ಅದೂ ಒಂದು ಗುರುತೇ. ಹೀಗಿರಲು, 'ಮಾತು ಸಹಜ, ಚಿಹ್ನೆ ಕೃತಕ' ಎಂಬ ವಾದ ನಮ್ಮ ಮಟ್ಟಿಗೆ ಅರ್ಧ ಮಾತ್ರ ಸತ್ಯ. ಅಷ್ಟೇ ಅಲ್ಲ, ನಮ್ಮ ಭಾಷೆಯ ಕಟ್ಟಡವೇ ಬೇರೆ. 'ಮತ್ತು' ಎಂಬ ಪದ ನಮ್ಮಲ್ಲಿದ್ದರೂ ಬಾಯಿಮಾತಿನಲ್ಲಿ ನಾವು ಹೆಚ್ಚಾಗಿ "ಅಕ್ಕಿಯೂ ಬೇಳೆಯೂ" ಎಂದು ಪ್ರತಿಯೊಂದರ ಕೊನೆಗೂ 'ಊ' ಎಂಬುದನ್ನು ಅಂಟಿಸುತ್ತೇವೆ. 'ಅಥವಾ' ಸಂಸ್ಕೃತದಿಂದ ಬಂದದ್ದು; ನಮ್ಮ ಅಜ್ಜಿಯರು "ಇವತ್ತೋ ನಾಳೆಯೋ" ಎನ್ನುತ್ತಾರೆ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆಯುವಾಗ ಅವ್ಯಯಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟದ್ದು ಸುಮ್ಮನೆ ಅಲ್ಲ. ವಾಕ್ಯದ ಬಂಡಿ ಓಡುವುದು ಈ ಸಣ್ಣ ಕೀಲುಗಳ ಮೇಲೆಯೇ.

ನಿಷೇಧದ ವಿಷಯದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಕನ್ನಡದಲ್ಲಿ 'ಇಲ್ಲ', 'ಅಲ್ಲ' ಎಂಬುವು ಕೊನೆಯಲ್ಲಿ ಬರುತ್ತವೆ. "ವಿದ್ಯಾರ್ಥಿವೇತನ ಅಥವಾ ವಸತಿನಿಲಯದ ಸೌಲಭ್ಯ ಇಲ್ಲದವರು" ಎಂದಾಗ ಕೊನೆಯ 'ಇಲ್ಲದ' ಎಂಬುದು ಹಿಂದಿನ ಎರಡನ್ನೂ ಒಟ್ಟಿಗೆ ತಬ್ಬಿಕೊಳ್ಳುತ್ತದೆ. ಯಂತ್ರದ ಭಾಷೆಯಲ್ಲಿ 'ನಾಟ್' ಮೊದಲಿಗೆ ಬರುತ್ತದೆ, ಹತ್ತಿರದ ಒಂದನ್ನು ಮಾತ್ರ ಹಿಡಿಯುತ್ತದೆ. ಕನ್ನಡದ ವಾಕ್ಯವನ್ನು ಪದಕ್ಕೆ ಪದವಿಟ್ಟು ಯಂತ್ರದ ಭಾಷೆಗೆ ತಂದದ್ದರಿಂದಲೇ ನಮ್ಮ ಪಟ್ಟಿ ಕೆಟ್ಟದ್ದು. ಕೆಡಿಸಿದ್ದು ಚಿಹ್ನೆಯೂ ಅಲ್ಲ, ಮಾತೂ ಅಲ್ಲ, ನಮ್ಮ ತರ್ಜುಮೆ.

ಇನ್ನು ಯಂತ್ರಭಾಷೆಗಳ ಚರಿತ್ರೆಯನ್ನು ನೋಡಿದರೆ, ಮಾತೋ ಚಿಹ್ನೆಯೋ ಎಂಬುದನ್ನು ಎಲ್ಲರೂ ತತ್ತ್ವವಿಚಾರ ಮಾಡಿಯೇ ನಿರ್ಧರಿಸಿದರೆಂದು ತೋರುವುದಿಲ್ಲ. ತರ್ಕವನ್ನು ಬೀಜಗಣಿತವಾಗಿಸಿದವನು ಜಾರ್ಜ್ ಬೂಲ್. 1847ರಲ್ಲಿಯೂ 1854ರಲ್ಲಿಯೂ ಅವನು ಪ್ರಕಟಿಸಿದ ಗ್ರಂಥಗಳಲ್ಲಿ 'ಮತ್ತು' ಎಂಬುದಕ್ಕೆ ಗುಣಾಕಾರ, 'ಅಥವಾ' ಎಂಬುದಕ್ಕೆ ಸಂಕಲನ. 1960ರ ದಶಕದ ಆರಂಭದಲ್ಲಿ ಫೋರ್ಟ್ರಾನ್ ಎಂಬ ಭಾಷೆಗೆ ಈ ಕೀಲುಗಳು ಬಂದಾಗ ಅಲ್ಲಿ ಮಾತುಗಳನ್ನು ಬಳಸಿ, ಎರಡೂ ಪಕ್ಕದಲ್ಲಿ ಒಂದೊಂದು ಚುಕ್ಕಿಯನ್ನು ಇಟ್ಟರು. ಏಕೆಂದರೆ ಆ ಭಾಷೆಯಲ್ಲಿ ಪದಗಳ ನಡುವಣ ಖಾಲಿ ಜಾಗಕ್ಕೆ ಬೆಲೆಯಿರಲಿಲ್ಲ, ಚುಕ್ಕಿಯಿಲ್ಲದಿದ್ದರೆ ಮಾತು ಯಾವುದು, ಹೆಸರು ಯಾವುದು ಎಂದು ತಿಳಿಯುತ್ತಿರಲಿಲ್ಲ. ವ್ಯಾಪಾರದ ಲೆಕ್ಕಗಳಿಗೆಂದು ಹುಟ್ಟಿದ ಕೋಬಾಲ್ ಇಂಗ್ಲಿಷ್ ಮಾತುಗಳನ್ನೇ ಹಿಡಿಯಿತು. ಆಲ್ಗಾಲ್ 60 ಎಂಬ ಭಾಷೆಯು ತರ್ಕಶಾಸ್ತ್ರಜ್ಞರ ∧, ∨, ¬ ಎಂಬ ಗುರುತುಗಳನ್ನು ತೆಗೆದುಕೊಂಡಿತು.

ಇಂದು ಎಲ್ಲೆಡೆ ಕಾಣುವ && ಮತ್ತು || ಎಂಬುವು ಸಿ ಭಾಷೆಯಿಂದ ಹರಡಿದವು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ಅದನ್ನು ರೂಪಿಸಿದರು. ಅದಕ್ಕೂ ಹಿಂದಿನ 'ಬಿ' ಎಂಬ ಭಾಷೆಯಲ್ಲಿ ಒಂದೇ & ಗುರುತು ಎರಡು ಕೆಲಸ ಮಾಡುತ್ತಿತ್ತು: ಷರತ್ತಿನಲ್ಲಿ ಬಂದರೆ 'ಮತ್ತು', ಬೇರೆ ಕಡೆ ಬಂದರೆ ಸಂಖ್ಯೆಗಳ ಒಳಗಿನ ದ್ವಿಮಾನ ಅಂಕಿಗಳನ್ನು ಒಂದೊಂದಾಗಿ ಹೋಲಿಸುವುದು. ಈ ಗೊಂದಲವನ್ನು ಕಳೆಯಲು ಸಿ ಭಾಷೆಯಲ್ಲಿ ತರ್ಕದ 'ಮತ್ತು' ಎಂಬುದಕ್ಕೆ ಜೋಡಿ ಗುರುತನ್ನು ಕೊಟ್ಟರು. ಆದರೆ ಹಳೆಯ & ಗುರುತಿನ ಆದ್ಯತೆಯ ಸ್ಥಾನವನ್ನು ಮಾತ್ರ, ಆಗಲೇ ಬರೆದಿದ್ದ ಪ್ರೋಗ್ರಾಮುಗಳು ಕೆಡಬಾರದೆಂದು ಹಾಗೆಯೇ ಬಿಟ್ಟರು. ಅದನ್ನು ಬದಲಿಸಿದ್ದರೆ ಚೆನ್ನಾಗಿತ್ತೆಂದು ರಿಚಿಯವರೇ ಮುಂದೆ ಒಪ್ಪಿಕೊಂಡಿದ್ದಾರೆ. ಇಂದಿಗೂ ಅವಸರದಲ್ಲಿ && ಎಂಬಲ್ಲಿ ಒಂದೇ & ಒತ್ತಿದವನಿಗೆ ಯಂತ್ರವು ಅನೇಕ ವೇಳೆ ಎಚ್ಚರಿಕೆಯನ್ನೂ ಕೊಡದೆ ಬೇರೆ ಉತ್ತರ ಕೊಡುತ್ತದೆ. 1 ಮತ್ತು 2 ಎಂಬ ಸಂಖ್ಯೆಗಳನ್ನು && ಇಂದ ಜೋಡಿಸಿದರೆ 'ನಿಜ'; & ಇಂದ ಜೋಡಿಸಿದರೆ ಸೊನ್ನೆ, ಅಂದರೆ 'ಸುಳ್ಳು'. ಒಂದು ಗೆರೆಯ ಅಂತರದಲ್ಲಿ ಇಂಥ ಹಳ್ಳವಿರುವುದು ಒಳ್ಳೆಯದೆಂದು ಯಾರು ಹೇಳಿಯಾರು?

ಮಾತಿನ ರೂಪವು ಸಿ ಮನೆತನಕ್ಕೆ ಹಿಂದಿರುಗಿದ ಕಥೆಯೂ ಸ್ವಾರಸ್ಯವಾಗಿದೆ. ಡೆನ್ಮಾರ್ಕ್, ನಾರ್ವೆ ದೇಶಗಳ ಹಳೆಯ ಅಕ್ಷರ ಸಂಕೇತದಲ್ಲಿ | ಗುರುತಿನ ಜಾಗದಲ್ಲಿ ಅವರ ಸ್ವಂತ ಭಾಷೆಯ ಒಂದು ಅಕ್ಷರ ಕುಳಿತಿತ್ತು. ಅಲ್ಲಿಯವರು 'ಅಥವಾ' ಎಂದು ಬರೆಯಹೋದರೆ ಪರದೆಯ ಮೇಲೆ ಎರಡು ಸ್ವರಗಳು ಕಾಣುತ್ತಿದ್ದವು. ಅಂಥವರ ಅನುಕೂಲಕ್ಕಾಗಿ 1995ರಲ್ಲಿ ಸಿ ಭಾಷೆಗೂ, ಮುಂದೆ 1998ರ ಪ್ರಮಾಣಿತ ಸಿ ಪ್ಲಸ್ ಪ್ಲಸ್ ಭಾಷೆಗೂ ಆ್ಯಂಡ್, ಆರ್, ನಾಟ್ ಎಂಬ ಪರ್ಯಾಯಗಳು ಸೇರಿದವು. ನಮಗೂ ಈ ಕಷ್ಟ ಹೊಸದಲ್ಲ. ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ & ಇರಬೇಕಾದ ಕಡೆ ಒತ್ತಿದರೆ 'ಕ್ಷ' ಬರುತ್ತದೆ! ದೂರದ ಡೇನರಿಗಾಗಿ ಮಾಡಿದ ಏರ್ಪಾಡೇ ನಮ್ಮ ಪಟ್ಟಿಯನ್ನು ಉಳಿಸಿತೆಂದು ತಿಳಿದಾಗ ನನಗೆ ಸಂತೋಷವಾಯಿತು.

ಆದರೆ ಮಾತು ಹಾಕಿದೊಡನೆ ಎಲ್ಲವೂ ಸರಿಹೋಯಿತೆಂದು ತಿಳಿಯುವುದೂ ತಪ್ಪು. 1970ರಲ್ಲಿ ನಿಕ್ಲಾಸ್ ವಿರ್ತ್ ಅವರು ರೂಪಿಸಿದ ಪ್ಯಾಸ್ಕಲ್ ಭಾಷೆಯಲ್ಲಿ ಮಾತುಗಳೇ ಇವೆ; ಆದರೆ ಅಲ್ಲಿ 'ಆ್ಯಂಡ್' ಎಂಬುದಕ್ಕೆ ಗುಣಾಕಾರದಷ್ಟು ಆದ್ಯತೆ. ಆದ್ದರಿಂದ 'ವಯಸ್ಸು > 18 ಆ್ಯಂಡ್ ಅಂಕ > 60' ಎಂದು ಬರೆದರೆ ಅದು ಮೊದಲು 18ನ್ನೂ ಅಂಕವನ್ನೂ ಜೋಡಿಸಲು ಹೋಗಿ ಮುಗ್ಗರಿಸುತ್ತದೆ. ಪಿಎಚ್‌ಪಿ ಎಂಬ ಭಾಷೆಯಲ್ಲಿ ಮಾತೂ ಉಂಟು, ಚಿಹ್ನೆಯೂ ಉಂಟು, ಎರಡರ ಆದ್ಯತೆ ಬೇರೆ ಬೇರೆ. 'ಫಲ = ನಿಜ ಆ್ಯಂಡ್ ಸುಳ್ಳು' ಎಂದರೆ ಫಲಕ್ಕೆ 'ನಿಜ' ಸೇರುತ್ತದೆ; && ಎಂದು ಬರೆದರೆ 'ಸುಳ್ಳು' ಸೇರುತ್ತದೆ. ಪರ್ಲ್ ಎಂಬ ಭಾಷೆಯಲ್ಲಿಯೂ ಇದೇ ಪಾಡು. ಒಂದೇ ಮನೆಯಲ್ಲಿ ಎರಡು ಅಳತೆಯ ಸೇರುಗಳನ್ನಿಟ್ಟರೆ ಜಗಳವಾಗದಿರುತ್ತದೆಯೇ?

ಇಷ್ಟನ್ನೂ ತೂಗಿ ನೋಡಿ ನಾನು ತಳೆದಿರುವ ಅಭಿಪ್ರಾಯವನ್ನು ಈಗ ಹೇಳುತ್ತೇನೆ. ಭಾಷೆಯು ಎರಡಕ್ಕೂ ಅವಕಾಶ ಕೊಟ್ಟು, ಎರಡಕ್ಕೂ ಒಂದೇ ಅರ್ಥವನ್ನಿಟ್ಟಿದ್ದರೆ ಮಾತನ್ನೇ ಆರಿಸಬೇಕು. ಕಾರಣ, ಮಾತನ್ನು ಗಟ್ಟಿಯಾಗಿ ಓದಬಹುದು. ಓದುವುದನ್ನು ಪಕ್ಕದಲ್ಲಿದ್ದವರು ಕೇಳಬಹುದು. ಕೇಳಿದವರು ಪ್ರಶ್ನೆ ಹಾಕಬಹುದು. ಚಿಹ್ನೆಯು ಬರೆಯುವವನಿಗೆ ಅನುಕೂಲ, ಮಾತು ಪರೀಕ್ಷಿಸುವವನಿಗೆ ಅನುಕೂಲ. ಬರೆಯುವುದು ಒಂದು ಸಲ, ಪರೀಕ್ಷಿಸುವುದು ಹತ್ತು ಸಲ. 'ಆ್ಯಂಡ್' ಎಂಬುದು ನಮಗೆ ಪರಭಾಷೆಯ ಪದವೆಂಬುದು ದಿಟ. ಆದರೆ ಪಿಯುಸಿಯವರೆಗೆ ಓದಿದ ಯಾರಿಗೂ ಅದರ ಅರ್ಥ ಗೊತ್ತು. || ಎಂಬುದರ ಅರ್ಥ ಆ ವಿದ್ಯೆ ಕಲಿತವರಿಗೆ ಮಾತ್ರ ಗೊತ್ತು. ಡಾ. ಯು. ಬಿ. ಪವನಜ ಅವರು ಮಕ್ಕಳಿಗಾಗಿ ಲೋಗೋ ಭಾಷೆಯ ಕನ್ನಡ ರೂಪವನ್ನು ಸಿದ್ಧಪಡಿಸಿ, ಆಜ್ಞೆಗಳನ್ನು ಕನ್ನಡದಲ್ಲಿಯೂ ಬರೆಯಬಹುದೆಂದು ತೋರಿಸಿದ್ದಾರೆ. ಆ ದಾರಿಯಲ್ಲಿ ಇನ್ನಷ್ಟು ಕೆಲಸವಾದರೆ ಈ ಆಕ್ಷೇಪಣೆಯೂ ಕಡಿಮೆಯಾದೀತು.

ಮಾತನ್ನು ಆರಿಸಿದವರು ಅದರೊಡನೆ ಆವರಣಗಳನ್ನೂ ಹಾಕಬೇಕು. ಇದನ್ನು ನಾನು ಶರತ್ತಾಗಿಯೇ ಹೇಳುತ್ತೇನೆ. ಆವರಣವಿಲ್ಲದ ಮಾತು ಚಿಹ್ನೆಗಿಂತಲೂ ಅಪಾಯಕರ, ಏಕೆಂದರೆ ಅದು ತಿಳಿದಂತೆ ತೋರುತ್ತದೆ. ಬಾಗಳಿಯ ಕಲ್ಲೇಶ್ವರ ದೇವಾಲಯವನ್ನು ನೋಡಹೋದ ನಮ್ಮ ಮಿತ್ರರು ಅಲ್ಲಿನ ಶಾಸನಗಳನ್ನು ಕಂಡಿರಬೇಕು. ಕನ್ನಡ ನಾಡಿನ ಭೂದಾನದ ಶಾಸನಗಳಲ್ಲಿ ಇಂಥ ಹೊಲವನ್ನು ಕೊಟ್ಟೆವೆಂದು ಹೇಳಿ ಸುಮ್ಮನಾಗುವುದಿಲ್ಲ. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಎಲ್ಲೆಗಳನ್ನು ಹೇಳುವ ಪದ್ಧತಿಯಿದೆ. ಕೊಟ್ಟದ್ದು ಎಲ್ಲಿಂದ ಎಲ್ಲಿಯವರೆಗೆ ಎಂಬುದು ತಿಳಿಯದಿದ್ದರೆ ದಾನವೂ ವ್ಯಾಜ್ಯವಾಗುತ್ತದೆಂದು ಆ ಹಿರಿಯರಿಗೆ ಗೊತ್ತಿತ್ತು. ಷರತ್ತಿನಲ್ಲಿ ಆವರಣವೆಂದರೆ ಅಂಥ ಎಲ್ಲೆಗಲ್ಲು. ಯಾವುದಕ್ಕೆ ಆದ್ಯತೆ ಹೆಚ್ಚು ಎಂಬ ನಿಯಮವನ್ನು ಬಾಯಿಪಾಠ ಮಾಡಿದ ಪಂಡಿತನಿಗೆ ಅದು ಬೇಡವೆನಿಸಬಹುದು. ಆದರೆ ಪಕ್ಕದ ಹೊಲದವನಿಗೆ ಅದು ಬೇಕೇ ಬೇಕು.

ಇದರ ಜೊತೆಗೆ ಇನ್ನೊಂದು ಅಭ್ಯಾಸವಿರಬೇಕು. ಷರತ್ತನ್ನು ಬರೆದಾದ ಮೇಲೆ ಒಂದೊಂದು ಬಗೆಯವರನ್ನೂ ಅದರೊಳಗೆ ಹಾಯಿಸಿ ನೋಡಬೇಕು. ನಮ್ಮ ಪಟ್ಟಿಯಲ್ಲಿ ನಾಲ್ಕೇ ಬಗೆ: ಎರಡೂ ಇಲ್ಲದವರು, ವೇತನ ಮಾತ್ರ ಇರುವವರು, ವಸತಿ ಮಾತ್ರ ಇರುವವರು, ಎರಡೂ ಇರುವವರು. ಆವರಣವಿಲ್ಲದ ಷರತ್ತಿನಲ್ಲಿ ಇವರನ್ನು ಹಾಯಿಸಿದರೆ ಮೊದಲನೆಯವರು ಸರಿಯಾಗಿ ಒಳಕ್ಕೆ ಬರುತ್ತಾರೆ, ಎರಡನೆಯವರು ಸರಿಯಾಗಿ ಹೊರಗುಳಿಯುತ್ತಾರೆ. ಆದರೆ ಮೂರನೆಯವರೂ ನಾಲ್ಕನೆಯವರೂ ತಪ್ಪಾಗಿ ನುಗ್ಗಿಬಿಡುತ್ತಾರೆ. ಕಾಗದದ ಮೇಲೆ ನಾಲ್ಕು ಸಾಲು ಬರೆದು ನೋಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ನಾವು ಬರೆಯಲಿಲ್ಲ. ಅದಕ್ಕಾಗಿ ಒಬ್ಬ ಸಹಪಾಠಿ ಮೂರು ದಿನ ಬಿಸಿಲಿನಲ್ಲಿ ದುಡಿದಳು.

ಚಿಹ್ನೆಗೆ ಸ್ಥಾನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸಿ ಭಾಷೆಯ ಹಳೆಯ ಪ್ರೋಗ್ರಾಮುಗಳನ್ನು ತಿದ್ದುವವರು, ಜಾವಾ ಬರೆಯುವವರು ಆ ಭಾಷೆಯ ವಾಡಿಕೆಯಂತೆ ಚಿಹ್ನೆಯನ್ನೇ ಬಳಸಬೇಕಾಗುತ್ತದೆ. ತರ್ಕಶಾಸ್ತ್ರದ ಉದ್ದನೆಯ ಸಾಧನೆಗಳನ್ನು ಮಾಡುವವರಿಗೂ ಅವು ಬೇಕು. ಆದರೆ ಒಂದೇ ಪ್ರೋಗ್ರಾಮಿನಲ್ಲಿ ಅಲ್ಲೊಂದು ಮಾತು, ಇಲ್ಲೊಂದು ಚಿಹ್ನೆ ಎಂದು ಬೆರೆಸುವುದು ಮಾತ್ರ ಯಾವ ಪಕ್ಷದವರಿಗೂ ಶೋಭಿಸದು.

ಕಡೆಯದಾಗಿ, ಕಲಾ ವಿಭಾಗದವನಿಗೆ ಈ ಗೊಡವೆ ಏಕೆಂದು ಕೇಳಿದ ಗೆಳೆಯರಿಗೆ. ವೇತನ ಯಾರಿಗೆ, ವಸತಿ ಯಾರಿಗೆ, ಕೆಲಸ ಯಾರಿಗೆ ಎಂಬ ಪಟ್ಟಿಗಳನ್ನು ಈಗ ಹೆಚ್ಚು ಹೆಚ್ಚಾಗಿ ಯಂತ್ರಗಳೇ ಮಾಡುತ್ತಿವೆ. ನಿಯಮವನ್ನು ಕನ್ನಡದಲ್ಲಿ ಬರೆಯುವವರು ಒಬ್ಬರು, ಅದನ್ನು ಯಂತ್ರಕ್ಕೆ ಹೇಳುವವರು ಇನ್ನೊಬ್ಬರು, ಅದರ ಫಲವನ್ನು ಉಣ್ಣುವವರು ಮೂರನೆಯವರು. ಈ ಮೂವರ ನಡುವೆ ನಿಂತು ಓದಬಲ್ಲವರು ಬೇಕು. ವಾಕ್ಯವೊಂದನ್ನು ಬಿಡಿಸಿ, ಯಾವ ಪದ ಯಾವುದಕ್ಕೆ ಅನ್ವಯವಾಗುತ್ತದೆಂದು ನೋಡುವ ಕೆಲಸವನ್ನು ನಾವು ವ್ಯಾಕರಣದ ತರಗತಿಯಲ್ಲಿ ದಿನವೂ ಮಾಡುತ್ತೇವೆ. ಅದೇ ವಿದ್ಯೆ ಅಲ್ಲಿಯೂ ಬೇಕಾಗಿದೆ.

ಆಗಸ್ಟಸ್ ಡಿ ಮಾರ್ಗನ್ ಎಂಬ ತರ್ಕಶಾಸ್ತ್ರಜ್ಞನು ಹುಟ್ಟಿದ್ದು 1806ರಲ್ಲಿ, ಮಧುರೆಯಲ್ಲಿ. 1953ರವರೆಗೆ ಬಳ್ಳಾರಿ ಜಿಲ್ಲೆಯೊಡನೆ ನಮ್ಮ ಹರಪನಹಳ್ಳಿಯ ಸೀಮೆಯೂ ಸೇರಿದ್ದ ಅದೇ ಮದರಾಸು ಪ್ರಾಂತದಲ್ಲಿ. 'ಇದು ಅಥವಾ ಅದು' ಎಂಬುದರ ನಿಷೇಧವೆಂದರೆ 'ಇದೂ ಇಲ್ಲ, ಅದೂ ಇಲ್ಲ' ಎಂಬ ನಿಯಮಕ್ಕೆ ಇಂದು ಜಗತ್ತೆಲ್ಲ ಅವನ ಹೆಸರನ್ನೇ ಇಟ್ಟಿದೆ. ಈ ವರ್ಷ ಸಹಾಯಧನದ ಪ್ರಕಟಣೆಯನ್ನು ಮತ್ತೆ ಹೊರಡಿಸುವಾಗ ನಮ್ಮ ಕನ್ನಡ ಅಧ್ಯಾಪಕರು ಪ್ರೋಗ್ರಾಮಿಗಿಂತ ಮೊದಲು ಕನ್ನಡವನ್ನು ತಿದ್ದಿದರು. ಈಗ ಫಲಕದ ಮೇಲೆ ಹೀಗಿದೆ: "ವಿದ್ಯಾರ್ಥಿವೇತನವೂ ಇಲ್ಲದ, ವಸತಿನಿಲಯದ ಸೌಲಭ್ಯವೂ ಇಲ್ಲದ ವಿದ್ಯಾರ್ಥಿಗಳು ಅರ್ಜಿ ಸಲ್ಲಿಸಬಹುದು." ಇದನ್ನು ಯಂತ್ರಕ್ಕೆ ಹೇಳಲು ನನ್ನ ಮಾವನ ಮಗನಿಗೆ ಈ ಸಲ ಯಾರನ್ನೂ ಕೇಳಬೇಕಾಗಲಿಲ್ಲ. ಆದರೂ ಅವನು ಆವರಣಗಳನ್ನು ಹಾಕಿ, ಮಾತಿನಲ್ಲಿಯೇ ಬರೆದು, ನಮ್ಮೆಲ್ಲರ ಮುಂದೆ ಒಮ್ಮೆ ಗಟ್ಟಿಯಾಗಿ ಓದಿದನು.

— ಅಂತಿಮ ಬಿ. ಎ. ವಿದ್ಯಾರ್ಥಿ